ಪದ್ಯದ ಪೀರಿಯಡ್ಡು

ನಾನು ಕೆಲಸಕ್ಕೆ ಸೇರಿದ ಎಂಬತ್ತರ ದಶಕದ ಕೊನೆಯಲ್ಲಿ ಸಾಗರ ಸೀಮೆಯ ಹಳ್ಳಿ ಶಾಲೆಗಳಲ್ಲಿ ಪದ್ಯದ ಪಾಠ ನಡೆಯುತ್ತಿದ್ದರೆ ರಸ್ತೆಯಲ್ಲಿ ಹೋಗುವವರಿಗೂ ಗೊತ್ತಾಗುತ್ತಿತ್ತು. ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುವ ಸದ್ದು ಹೆಂಚಿನ ಮಾಡು ದಾಟಿ ಅಡಿಕೆ ತೋಟದವರೆಗೂ ಹೋಗುತ್ತಿತ್ತು. ಏಳನೆಯ ತರಗತಿಗೆ ಆಗ ಪಬ್ಲಿಕ್ ಪರೀಕ್ಷೆ. ಬಿಟ್ಟ ಸಾಲು ತುಂಬಿ ಪದ್ಯ ಪೂರ್ಣಗೊಳಿಸುವ ಪ್ರಶ್ನೆ ಬಂದೇ ಬರುತ್ತಿತ್ತು, ಹಾಗಾಗಿ ಬಾಯಿಪಾಠದ ಬಗ್ಗೆ ಯಾರದೂ ತಕರಾರಿರಲಿಲ್ಲ. ತೊಂದರೆ ಇದ್ದದ್ದು ಧಾಟಿಯಲ್ಲಿ. ವಚನಕ್ಕೂ, ಕುಮಾರವ್ಯಾಸನಿಗೂ, ಕುವೆಂಪು ಅವರಿಗೂ ಒಂದೇ ಧಾಟಿ. ಅದು ಎರಡನೆಯ ತರಗತಿಯಲ್ಲಿ ಮಗ್ಗಿ ಹೇಳುವಾಗ ಕಲಿತದ್ದು. ಯುದ್ಧಭೂಮಿಯಲ್ಲಿ ಕರ್ಣ ಸಾಯುತ್ತಿದ್ದರೂ ಮಕ್ಕಳ ದನಿ ಹದಿನೆಂಟರ ಮಗ್ಗಿಯ ಹಾಗೇ ಏರಿ ಇಳಿಯುತ್ತಿತ್ತು.

ನಮ್ಮ ಮುಖ್ಯೋಪಾಧ್ಯಾಯರು ಇದನ್ನು ಬದಲಿಸಿದರು. ಅವರು ಗಮಕ ಕೇಳಿ ಬೆಳೆದವರು. ಶಿವಮೊಗ್ಗದ ಹತ್ತಿರ ತುಂಗೆಯ ದಂಡೆಯ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. 2022ರಲ್ಲಿ ಪದ್ಮಶ್ರೀ ಪಡೆದ ಎಚ್.ಆರ್. ಕೇಶವಮೂರ್ತಿ ಅಲ್ಲಿಯವರೇ. ಗಮಕಿ ತಾಳದ ಹಂಗಿಲ್ಲದೆ, ಪದ ಬಿಡಿಸಿ, ಭಾವಕ್ಕೆ ತಕ್ಕ ರಾಗದಲ್ಲಿ ಕಾವ್ಯ ಓದುತ್ತಾರೆ. ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ನಮ್ಮ ಹೆಡ್‌ಮೇಷ್ಟ್ರು ಈ ಎರಡೂ ಕೆಲಸವನ್ನು ಏಳನೆಯ ತರಗತಿಗೆ ತಂದಿದ್ದರು. ಮೊದಲು ಪುಸ್ತಕ ಮುಚ್ಚಿಸುತ್ತಿದ್ದರು. ಎರಡು ಸಲ ತಾವೇ ಓದುತ್ತಿದ್ದರು. ಅರ್ಥ ಹೇಳುತ್ತಿರಲಿಲ್ಲ. ಆಮೇಲೆ ಕೇಳುತ್ತಿದ್ದರು: ಮಾತಾಡ್ತಾ ಇರೋದು ಯಾರು? ಯಾರ ಹತ್ತಿರ? ಸಿಟ್ಟಲ್ಲೋ, ದುಃಖದಲ್ಲೋ? ಉತ್ತರ ಹೇಳಿದ ಮಗುವೇ ಎದ್ದು ನಿಂತು ಆ ಸಿಟ್ಟಲ್ಲಿ, ಆ ದುಃಖದಲ್ಲಿ ಸಾಲನ್ನು ಹೇಳಬೇಕು. ಪದ್ಯ ಕಲಿಸುವುದು ಹೇಗೆಂದು ನಾನು ಕಲಿತದ್ದು ಟ್ರೈನಿಂಗ್ ಕಾಲೇಜಿಗಿಂತ ಹೆಚ್ಚಾಗಿ ಆ ಕೋಣೆಯ ಹಿಂದಿನ ಬೆಂಚಿನಲ್ಲಿ ಕುಳಿತು.

ಭಾಮಿನಿ ಷಟ್ಪದಿಯನ್ನು ಅವರು ಕಪ್ಪು ಹಲಗೆಯಲ್ಲಿ ಪ್ರಸ್ತಾರ ಹಾಕಿ ಶುರು ಮಾಡುತ್ತಿರಲಿಲ್ಲ. ಚಪ್ಪಾಳೆಯಲ್ಲಿ ಶುರು. ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು ಮಾತ್ರೆ, ನಾಲ್ಕು ಮಾತ್ರೆ. ಗಿಡ್ಡ ಸಾಲಿಗೆ ಇದು ಎರಡು ಸಲ, ಮೂರನೆಯ ಮತ್ತು ಆರನೆಯ ಸಾಲಿಗೆ ಮೂರು ಸಲ, ಮೇಲೊಂದು ಗುರು. ಒಟ್ಟು 102 ಮಾತ್ರೆ ಎಂದು ಮಕ್ಕಳೇ ಕೂಡಿಸಿ ಹೇಳುತ್ತಿದ್ದರು. ಬಯಲಾಟ ನೋಡಿ ಬೆಳೆದ ಮಕ್ಕಳು ಭಾಗವತರ ಬಾಯಲ್ಲಿ ಭಾಮಿನಿ ಕೇಳಿದ್ದರು, ಆದರೆ ತಾವು ಕೇಳಿದ್ದು ಇದನ್ನೇ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಅವರ ಮುಖ ನೋಡಬೇಕಿತ್ತು. ಕಷ್ಟ ಶುರುವಾಗುವುದು ಇದರ ನಂತರ. ಷಟ್ಪದಿಯಲ್ಲಿ ಎರಡನೆಯ ಅಕ್ಷರದ ಪ್ರಾಸ ಕೂಡಬೇಕು, ಗಣವೂ ತುಂಬಬೇಕು. ಅದಕ್ಕಾಗಿ ಎಷ್ಟೋ ಕಡೆ ಶಬ್ದ ಅರ್ಧಕ್ಕೆ ಮುರಿದು ಮುಂದಿನ ಸಾಲಿಗೆ ಹೋಗುತ್ತದೆ. ಸಾಲು ಮುಗಿದಲ್ಲಿ ನಿಲ್ಲುವ ಮಗು ಶಬ್ದವನ್ನೇ ಕತ್ತರಿಸುತ್ತದೆ. ಅರ್ಥ ಹಿಡಿದು ಓದುವ ಮಗು ಚಪ್ಪಾಳೆ ತಪ್ಪುತ್ತದೆ. ಇವೆರಡರ ನಡುವೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ಹನ್ನೆರಡು ವರ್ಷದ ಮಗು ತಾನೇ ಕಂಡುಕೊಳ್ಳುವುದಿದೆಯಲ್ಲ, ಪದ್ಯದ ಪಾಠದಲ್ಲಿ ನನಗೆ ಅದಕ್ಕಿಂತ ಸಂತೋಷ ಕೊಟ್ಟದ್ದು ಯಾವುದೂ ಇಲ್ಲ.

ಈ ವಯಸ್ಸಿನ ಮಕ್ಕಳಿಗೆ ಇನ್ನೊಂದು ಸಂಕಟವಿದೆ. ನಾಲ್ಕನೆಯ ತರಗತಿಯ ಮಗು ಕೇಳಿದ ಕೂಡಲೇ ಎದ್ದು ಕುಣಿಯುತ್ತದೆ. ಏಳಕ್ಕೆ ಬರುವಷ್ಟರಲ್ಲಿ ಗಂಡುಮಕ್ಕಳ ದನಿ ಒಡೆಯುತ್ತಿರುತ್ತದೆ, ಹೆಣ್ಣುಮಕ್ಕಳಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿರುತ್ತದೆ. ಒಬ್ಬರನ್ನೇ ಎಬ್ಬಿಸಿ ನಿಲ್ಲಿಸಿದರೆ ಬಾಯಿ ಕಟ್ಟುತ್ತದೆ. ಇದಕ್ಕೆ ಮದ್ದು ಸಿಕ್ಕಿದ್ದು ರಂಗಭೂಮಿಯವರಿಂದ. ನಮಗೆ ಹೆಗ್ಗೋಡು ದೂರವಲ್ಲ. 1949ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಿತ್ತು, 1985ರಿಂದ ಊರೂರಿಗೆ ನಾಟಕ ಒಯ್ಯುವ ಅದರ ‘ತಿರುಗಾಟ’ವೂ ನಡೆದಿತ್ತು. ಅಲ್ಲಿ ಕಲಿತ ಹುಡುಗರು ಶಾಲೆಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸ ಬೆಂಚುಗಳನ್ನು ಗೋಡೆಗೆ ಸರಿಸುವುದು. ಮಕ್ಕಳನ್ನು ವೃತ್ತದಲ್ಲಿ ನಿಲ್ಲಿಸಿ, ಒಂದು ಸಾಲನ್ನು ಹತ್ತು ಬಾಯಿಗೆ ಹಂಚುತ್ತಿದ್ದರು. ನಾನು ಅದನ್ನು ಪದ್ಯಕ್ಕೆ ತಂದೆ.

ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ ಇದಕ್ಕೆಂದೇ ಬರೆದಂತಿದೆ. ಗಾಳಿಯ ಆರ್ಭಟವನ್ನು ಸದ್ದಿನಲ್ಲೇ ಕಟ್ಟಿದ ಪದ್ಯ ಅದು. ಪಂಜೆಯವರು ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರ್ ಆಗಿ ಮಕ್ಕಳ ನಡುವೆ ಬದುಕಿದವರು; ಯಾವ ಅಕ್ಷರ ಮಕ್ಕಳ ಬಾಯಲ್ಲಿ ಹೇಗೆ ಉರುಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ದನಿ ಒಡೆದ ಹುಡುಗರಿಗೆ ದೂರದಿಂದ ಬರುವ ಗಾಳಿಯ ಕೆಳದನಿ. ಹುಡುಗಿಯರ ಒಂದು ಗುಂಪಿಗೆ ಬಿರುಸು ಹಿಡಿದ ಗಾಳಿ. ಮಾತೇ ಆಡದ ಇಬ್ಬರು ಮೂವರಿಗೆ ಬಾಗಿಲು ಬಡಿಯುವ ಸದ್ದು, ಅದೂ ಬೆಂಚಿನ ಮೇಲೆ ಅಂಗೈಯಿಂದ. ಕೀರಲು ದನಿಗೆ ನಾಚುತ್ತಿದ್ದ ಹುಡುಗನಿಗೆ ಆ ಕೀರಲೇ ಬೇಕು ಎಂದಾಗ ಅವನು ತಲೆಯೆತ್ತಿ ನಿಂತ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲೂ ಹೀಗೇ. ಇಲಿಗಳಿಗೆ ಲೆಕ್ಕವಿಲ್ಲದ ಕಾರಣ ಇಡೀ ಶಾಲೆಗೆ ಪಾತ್ರ ಸಿಗುತ್ತಿತ್ತು.

ಎರಡು ಸಾವಿರದ ದಶಕದಲ್ಲಿ ಪ್ರತಿಭಾ ಕಾರಂಜಿ ಬಂತು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ. ಕಂಠಪಾಠ, ಅಭಿನಯ ಗೀತೆ, ಕಥೆ ಹೇಳುವುದು, ಛದ್ಮವೇಷ. ಸರ್ಕಾರಿ ಶಾಲೆಯ ಮಗುವಿಗೆ ಊರಾಚೆಯ ವೇದಿಕೆ ಸಿಕ್ಕಿದ್ದು ಅದರಿಂದ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂಲಿಯವರ ಮಗಳೊಬ್ಬಳು ಜಿಲ್ಲಾ ಮಟ್ಟಕ್ಕೆ ಹೋಗಿ ಬಂದ ಮೇಲೆ ಅವಳ ನಡಿಗೆಯೇ ಬೇರೆಯಾಯಿತು. ಆದರೆ ತರಗತಿಯಲ್ಲಿ ಆದದ್ದು ಬೇರೆ. ಮೇಷ್ಟ್ರುಗಳ ಸಮಯವೆಲ್ಲ ಗೆಲ್ಲುವ ಒಂದು ಮಗುವಿನ ಮೇಲೆ ಸುರಿಯಿತು. ಉಳಿದವರು ಚಪ್ಪಾಳೆ ತಟ್ಟುವವರಾದರು. ಅಭಿನಯ ಅಂದರೆ ಶಬ್ದಕ್ಕೊಂದು ಸನ್ನೆ ಎಂದಾಯಿತು: ಚಂದ್ರ ಅಂದರೆ ಬೆರಳು ಮೇಲೆ, ಹೃದಯ ಅಂದರೆ ಕೈ ಎದೆಗೆ, ಅಮ್ಮ ಅಂದರೆ ತೊಟ್ಟಿಲು ತೂಗಬೇಕು. ತೀರ್ಪುಗಾರನಾಗಿ ಕೂತು ಇದನ್ನು ನೋಡುವಾಗ ನನಗೆ ನೋವಾಗುತ್ತಿತ್ತು. ಕೈಗಳೇನೋ ಸಾಲನ್ನು ತಪ್ಪದೆ ಹಿಂಬಾಲಿಸುತ್ತಿದ್ದವು, ಮಗುವಿಗೆ ಮಾತ್ರ ಸಾಲು ಕೇಳುತ್ತಲೇ ಇರಲಿಲ್ಲ. ಕೈಕಟ್ಟಿ ನಿಂತು, ಬರೀ ದನಿಯಲ್ಲಿ ಹೇಳಿದ ಮಗುವಿಗೆ ನಾನು ಹೆಚ್ಚು ಅಂಕ ಕೊಟ್ಟಿದ್ದೇನೆ, ಅದಕ್ಕಾಗಿ ಜಗಳವನ್ನೂ ಆಡಿದ್ದೇನೆ. ಈಗಲೂ ಆಡುತ್ತೇನೆ. ಅದೇ ದಶಕದಲ್ಲಿ ಸರ್ಕಾರ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದು ದೊಡ್ಡ ಹೆಜ್ಜೆ. ಆದರೆ ಸಂಖ್ಯೆ ಕಡಿಮೆ. ಐದು, ಆರು, ಏಳರ ಮಕ್ಕಳಿಗೆ ಅದು ತಲುಪಲೇ ಇಲ್ಲ.

ಧಾಟಿಯ ವಿಷಯ ಇನ್ನೊಂದು ದಿಕ್ಕಿನಿಂದಲೂ ಬದಲಾಯಿತು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ನಂತರ ಭಾವಗೀತೆಯ ಕ್ಯಾಸೆಟ್‌ಗಳು ಮನೆಮನೆಗೆ ಬಂದವು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ದನಿಯಿಂದಲೇ ಎಷ್ಟೋ ಮಕ್ಕಳಿಗೆ ಕವಿಗಳು ಪರಿಚಯವಾದರು. ಆ ಋಣ ದೊಡ್ಡದು. ಮೊಬೈಲ್ ಬಂದ ಮೇಲೆ ಪಠ್ಯದ ಪ್ರತಿ ಪದ್ಯಕ್ಕೂ ಯೂಟ್ಯೂಬ್‌ನಲ್ಲಿ ಸಿದ್ಧ ಹಾಡು ಸಿಗತೊಡಗಿತು. ಮೇಷ್ಟ್ರು ಸ್ಪೀಕರ್‌ಗೆ ಹಚ್ಚಿದರೆ ಪಾಠ ಮುಗಿಯಿತು. ಮಕ್ಕಳು ಗಾಯಕರ ಉಸಿರನ್ನೂ, ಆಲಾಪವನ್ನೂ ಹಾಗೇ ಒಪ್ಪಿಸುತ್ತಾರೆ. ಕೇಳಲು ಇಂಪಾಗಿರುತ್ತದೆ. ಯಾರು ಯಾರ ಹತ್ತಿರ ಮಾತಾಡ್ತಾ ಇದ್ದಾರೆ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಹಾಗೆಂದು ಮೊಬೈಲನ್ನು ಬೈಯಲು ನನ್ನಿಂದಾಗದು. 2020ರಲ್ಲಿ ಶಾಲೆ ಮುಚ್ಚಿ, ಆಗಸ್ಟ್ ಹೊತ್ತಿಗೆ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ನಾವು ಮನೆ ಜಗಲಿಗಳಲ್ಲಿ, ದೇವಸ್ಥಾನದ ಅಂಗಳದಲ್ಲಿ ಪಾಠ ಮಾಡಿದೆವು. ಅದೂ ನಿಂತಾಗ ಪದ್ಯ ಓದಿ ವಾಟ್ಸಾಪ್‌ನಲ್ಲಿ ಕಳಿಸಿ ಎಂದೆ. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿಯೊಬ್ಬಳು ರಾತ್ರಿ ಓದಿ ಕಳಿಸಿದಳು. ಹಿಂದೆ ಅಡಿಕೆ ಸುಲಿಯುವ ಸದ್ದು, ಯಾರದೋ ಕೆಮ್ಮು. ಅವಳು ಅದನ್ನೆಲ್ಲ ಲೆಕ್ಕಿಸದೆ, ಅವಸರವಿಲ್ಲದೆ, ಪಕ್ಕದಲ್ಲಿ ಕುಳಿತವರಿಗೆ ಹೇಳುವಂತೆ ಓದಿದ್ದಳು. ಮರುದಿನ ತಾನೇ ಮತ್ತೆ ಕಳಿಸಿದಳು; ಒಂದು ಸಾಲು ಸರಿ ಬಂದಿರಲಿಲ್ಲವಂತೆ. ಓದಿದ್ದನ್ನು ತಾನೇ ಕೇಳಿ ತಿದ್ದಿಕೊಳ್ಳುವ ಈ ಅವಕಾಶ ನಮ್ಮ ಹೆಡ್‌ಮೇಷ್ಟ್ರ ಕಾಲದ ಮಕ್ಕಳಿಗೆ ಇರಲಿಲ್ಲ. ಶಾಲೆ ತೆರೆದ ಮೇಲೂ ನಾನು ಇದನ್ನು ಬಿಟ್ಟಿಲ್ಲ. ಸಿದ್ಧ ಹಾಡು ಕೇಳುವ ಮೊದಲು ತಮ್ಮ ದನಿ ರೆಕಾರ್ಡ್ ಮಾಡಿ ಕೇಳಬೇಕು ಎಂಬುದೊಂದೇ ನಿಯಮ.

ಈಗ ಬದಲಾಗಿರುವುದು ಮಕ್ಕಳ ಸಂಖ್ಯೆ. ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಊರಿನ ಅರ್ಧ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಐದು, ಆರು, ಏಳು ಮೂರೂ ಸೇರಿ ಹದಿನಾಲ್ಕು ಮಕ್ಕಳು, ಒಂದೇ ಕೋಣೆ. ನಾಲ್ಕು ಗುಂಪು ಮಾಡಿದರೆ ಗಾಳಿಯೂ ಸಾಲದು, ಬಾಗಿಲೂ ಸಾಲದು. ಹಾಗಾಗಿ ಈಗ ಹಿಡಿದಿರುವ ಭಾಮಿನಿ ಪದ್ಯದಲ್ಲಿ ಐದನೆಯವರಿಗೆ ಚಪ್ಪಾಳೆ ಕೊಟ್ಟಿದ್ದೇನೆ, ಆರನೆಯವರಿಗೆ ಗಿಡ್ಡ ಸಾಲು, ಏಳನೆಯವರಿಗೆ ಉದ್ದ ಸಾಲು. ಹದಿನಾಲ್ಕರಲ್ಲಿ ನಾಲ್ವರು ತೋಟದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು, ಇಬ್ಬರ ಮನೆಮಾತು ಲಂಬಾಣಿ. ನಾವು ಎಳೆದು ಹೇಳುವ ಶಬ್ದವನ್ನು ಅವರು ಕಡಿದು ಹೇಳುತ್ತಾರೆ. ಮೂರನೆಯ ಸಾಲಿನ ಕೊನೆಯ ಗುರುವನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬ ಬಗ್ಗೆ ಎರಡು ಪಕ್ಷಗಳಾಗಿವೆ. ಎರಡನ್ನೂ ರೆಕಾರ್ಡ್ ಮಾಡಿಸಿದ್ದೇನೆ. ಗಣರಾಜ್ಯೋತ್ಸವಕ್ಕೆ ಯಾವುದು ಎಂಬುದನ್ನು ಶನಿವಾರ ಅವರೇ ಕೇಳಿ ತೀರ್ಮಾನಿಸುತ್ತಾರೆ.