ಪ್ರತಿ ಮಾಡಿದ್ದು ಉಳಿಯುತ್ತದೆ

2003ರ ಹೊತ್ತಿಗೆ ನಮ್ಮಂಥ ಮನೆಗಳಿಗೆ ಕಂಪ್ಯೂಟರ್ ಬರುತ್ತಿದ್ದದ್ದು ಮಕ್ಕಳ ಓದಿಗೆಂದು. ನಮ್ಮ ಮನೆಗೂ ಹಾಗೆಯೇ ಬಂತು. ಆದರೆ ಅದನ್ನು ನಿಜವಾಗಿ ದುಡಿಸಿಕೊಂಡವರು ಅಪ್ಪ. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಬೆಳಗಿನ ಕಾಫಿ ಮುಗಿಸಿ, ಅಮ್ಮ ಹೊಲಿದಿದ್ದ ಗವುಸು ತೆಗೆದು ಮಡಿಸಿಟ್ಟು, ಅದರ ಮುಂದೆ ಕೂರುತ್ತಿದ್ದರು. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತರು. ಮನೆತನದ ವಂಶಾವಳಿ, ತೋಟದ ಲೆಕ್ಕ, ಊರ ಕೆರೆಯ ಹೂಳೆತ್ತಿಸಿ ಎಂದು ತಾಲ್ಲೂಕು ಕಚೇರಿಗೆ ಬರೆದ ಅರ್ಜಿಗಳು, ಅಜ್ಜಿ ಹೇಳಿ ಬರೆಸಿದ ಸೋಬಾನೆ ಪದಗಳು ಎಲ್ಲವೂ ಒಂದೊಂದಾಗಿ ಆ 40 ಜಿಬಿ ಹಾರ್ಡ್‌ಡಿಸ್ಕಿನೊಳಗೆ ಸೇರಿದವು.

ಅಕ್ಷರಕ್ಕೆ ಜಾಗ ಹೆಚ್ಚು ಬೇಕಿಲ್ಲ. ಅಪ್ಪ ಜೀವಮಾನವಿಡೀ ಟೈಪ್ ಮಾಡಿದರೂ ಆ ಡಿಸ್ಕ್ ತುಂಬುತ್ತಿರಲಿಲ್ಲ. ತುಂಬಿದ್ದು ಡಿಜಿಟಲ್ ಕ್ಯಾಮೆರಾ ಮನೆಗೆ ಬಂದ ಮೇಲೆ. ತಂಗಿಯ ಮದುವೆಯ ಫೋಟೋ, ಅದರ ವಿಡಿಯೋ, ಆಮೇಲೆ ಅವಳ ಮಗಳ ನಾಮಕರಣ. 40 ಜಿಬಿ ಎಂದು ಕೊಂಡದ್ದನ್ನು ವಿಂಡೋಸ್ 37 ಎಂದೇ ತೋರಿಸುತ್ತಿತ್ತು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆ 37ರಲ್ಲೂ ಜಾಗ ಮುಗಿಯಿತೆಂದು ಪರದೆಯ ಮೂಲೆಯಲ್ಲಿ ಎಚ್ಚರಿಕೆ ಪದೇ ಪದೇ ಮೂಡತೊಡಗಿತು. ಅದರ ಜೊತೆಗೆ ಡಿಸ್ಕಿನಿಂದ ಆಗಾಗ ಟಕ್ ಟಕ್ ಸದ್ದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆಯ ಮೇಲೆ, ಅದಕ್ಕೆ ತಾಗದಂತೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತ ಓದುವ ತಲೆ ಅದು. ಆ ಸದ್ದು ಕೇಳಿದರೆ ಕಾಯಬಾರದು.

ಹೊಸ ಕಂಪ್ಯೂಟರನ್ನೇ ಕೊಳ್ಳಿ ಎಂದರು ಹಲವರು. ಅಪ್ಪನಿಗೆ ಬೇಕಿದ್ದದ್ದು ಕೈಗೆ ಒಗ್ಗಿದ ಆ ಯಂತ್ರವೇ. ಹಾಗಾಗಿ ದೊಡ್ಡ ಡಿಸ್ಕ್ ಹಾಕುವುದೆಂದು ತೀರ್ಮಾನವಾಯಿತು. ಇಲ್ಲಿ ದೊಡ್ಡದು ಎಂದರೆ ಎಷ್ಟು ದೊಡ್ಡದೂ ಆಗುವಂತಿಲ್ಲ. ಹಳೆಯ ಮದರ್‌ಬೋರ್ಡುಗಳು ಡಿಸ್ಕಿನ ವಿಳಾಸವನ್ನು 28 ಬಿಟ್‌ಗಳಲ್ಲಿ ಬರೆಯುತ್ತವೆ. ಒಂದೊಂದು ವಿಳಾಸಕ್ಕೆ 512 ಬೈಟ್. ಗುಣಿಸಿದರೆ ಸುಮಾರು 137 ಜಿಬಿ. ಅದರಾಚೆಗೆ ಜಾಗವಿದ್ದರೂ ಯಂತ್ರಕ್ಕೆ ಕಾಣದು. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಆಗಲೇ ಸಾಟಾ ಡಿಸ್ಕುಗಳ ಕಾಲ. ನಮಗೆ ಬೇಕಾದದ್ದು ಅಗಲ ಪಟ್ಟಿಯಂಥ ಕೇಬಲ್ಲಿನ ಐಡಿಇ. ಹುಡುಕಿ 120 ಜಿಬಿಯದೊಂದನ್ನು ತಂದೆ.

ಬೇಕಾದ ಫೈಲುಗಳನ್ನಷ್ಟೇ ಆರಿಸಿ ಪೆನ್‌ಡ್ರೈವಿನಲ್ಲಿ ದಾಟಿಸಿದರೆ ಸಾಲದೇ ಎಂದು ಅಪ್ಪ ಕೇಳಿದರು. ಸದ್ದು ಮಾಡುವ ಡಿಸ್ಕನ್ನು ನಂಬುವಂತಿಲ್ಲವಾದ್ದರಿಂದ ಮುಖ್ಯವಾದವನ್ನು ಮೊದಲು ಹಾಗೆಯೇ ತೆಗೆದಿಟ್ಟುಕೊಂಡೆವು. ಆದರೆ ಅಷ್ಟೇ ಸಾಲದು. ಅಪ್ಪನ ದಾಖಲೆಗಳು ನುಡಿಯ ಹಳೆಯ ಫಾಂಟಿನಲ್ಲಿದ್ದವು. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಕೂತಿರುವುದು ರೋಮನ್ ಅಕ್ಷರಗಳ ಜಾಗದಲ್ಲಿ. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಫೈಲ್ ತೆರೆದರೆ 'ನ' ಇರಬೇಕಾದಲ್ಲಿ ಪೌಂಡ್ ಚಿಹ್ನೆ ಕಾಣುತ್ತದೆ, 'ಕನ್ನಡ' ಎಂಬ ಪದವೇ ಗುರುತು ಸಿಗದಷ್ಟು ಕೆಟ್ಟಿರುತ್ತದೆ. ಇಮೇಲ್‌ನ ಕಥೆಯೂ ಅಷ್ಟೆ. ಔಟ್‌ಲುಕ್ ಎಕ್ಸ್‌ಪ್ರೆಸ್ ಪತ್ರಗಳನ್ನು ಇಡುತ್ತಿದ್ದದ್ದು ಮೈ ಡಾಕ್ಯುಮೆಂಟ್ಸ್‌ನಲ್ಲಿ ಅಲ್ಲ, ಸಾಮಾನ್ಯವಾಗಿ ಕಣ್ಣಿಗೆ ಬೀಳದ, ಫೋಲ್ಡರಿನೊಳಗೆ ಫೋಲ್ಡರ್ ಹೊಕ್ಕ ಒಂದು ಮೂಲೆಯಲ್ಲಿ. ಆದ್ದರಿಂದ ಇಡೀ ಡಿಸ್ಕನ್ನೇ ಇದ್ದದ್ದು ಇದ್ದ ಹಾಗೆ ಪ್ರತಿ ಮಾಡುವುದು ಕ್ಷೇಮ.

ಒಂದು ಭಾನುವಾರ ಸಿಪಿಯು ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಮಲಗಿಸಿ ಮೊದಲು ಧೂಳು ಒರೆಸಿದೆವು. ಐಡಿಇ ಡಿಸ್ಕಿನ ಹಿಂಭಾಗದಲ್ಲಿ ಪುಟ್ಟ ಪಿನ್ನುಗಳ ಸಾಲು, ಅವನ್ನು ಜೋಡಿಸುವ ಬೆರಳುಗುರಿಗಿಂತ ಚಿಕ್ಕ ಜಂಪರ್. ಅದನ್ನು ಎಲ್ಲಿ ಚುಚ್ಚುತ್ತೇವೆ ಎಂಬುದರ ಮೇಲೆ ಒಂದು ಡಿಸ್ಕ್ ಮಾಸ್ಟರ್, ಇನ್ನೊಂದು ಸ್ಲೇವ್. ಕನ್ನಡಕ ಏರಿಸಿಕೊಂಡು ಲೇಬಲ್ಲಿನ ನಕ್ಷೆ ಓದಿದವರು ಅಪ್ಪ. ಸಿಡಿಯಿಂದ ಕ್ಲೋನ್ ಮಾಡುವ ತಂತ್ರಾಂಶ ಚಾಲೂ ಮಾಡಿದಾಗ ಅದು ಕೇಳುವ ಮುಖ್ಯ ಪ್ರಶ್ನೆ ಒಂದೇ: ಯಾವುದರಿಂದ, ಯಾವುದಕ್ಕೆ? ಇಲ್ಲಿ ಅದಲುಬದಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಹರಡಿ ಎಲ್ಲವೂ ಅಳಿಯುತ್ತದೆ. ಎರಡರ ಗಾತ್ರವನ್ನೂ ಮಾದರಿ ಸಂಖ್ಯೆಯನ್ನೂ ಅಪ್ಪ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಎಂಟರ್ ಒತ್ತಿದ್ದು. ಪ್ರತಿ ಮುಗಿದ ಮೇಲೆ ಹಳೆಯ ಡಿಸ್ಕನ್ನು ಬಿಚ್ಚಿಟ್ಟು, ಹೊಸದೊಂದನ್ನೇ ಇಟ್ಟು ಯಂತ್ರವನ್ನು ಎಬ್ಬಿಸಬೇಕು. ಎರಡೂ ಒಟ್ಟಿಗಿದ್ದರೆ ಯಾವುದು ಸಿ ಡ್ರೈವ್ ಎಂಬ ಗೊಂದಲ ವಿಂಡೋಸಿಗೆ. ಎದ್ದ ಯಂತ್ರದಲ್ಲಿ ಹಳೆಯ ವಾಲ್‌ಪೇಪರ್, ಹಳೆಯ ಐಕಾನುಗಳು, ಅವವೇ ಜಾಗಗಳಲ್ಲಿ. ಮಿಕ್ಕ ಜಾಗವನ್ನೂ ಪಾರ್ಟಿಶನ್ನಿಗೆ ಸೇರಿಸಿದ್ದೇ ಡಿಸ್ಕ್ ಉಸಿರಾಡುವಷ್ಟು ವಿಶಾಲವಾಯಿತು.

ಮುಂದಿನ ದಿನಗಳಲ್ಲಿ ಎಲ್ಲವೂ ಬಂದಿದೆಯೇ ಎಂದು ಒಂದೊಂದೇ ಫೋಲ್ಡರ್ ತೆರೆದು ನೋಡುತ್ತ ಹೋದೆವು. ತಂಗಿ ಶಾಲೆಯಲ್ಲಿದ್ದಾಗ ಪೇಂಟ್‌ನಲ್ಲಿ ಬಿಡಿಸಿದ ಹೆಂಚಿನ ಮನೆ ಸಿಕ್ಕಿತು. ಆಗ ತೀರಿಹೋಗಿದ್ದ ಅಪ್ಪನ ಗೆಳೆಯರೊಬ್ಬರು ಮಗನ ಮನೆಯಿಂದ, ಅಮೆರಿಕದಿಂದ, ಬರೆದ ಪತ್ರಗಳೆಲ್ಲ ಇದ್ದವು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಅಲ್ಲಿನ ಹಿಮದ ವರ್ಣನೆಯ ನಡುವೆ ಇಲ್ಲಿನ ಮಳೆ ಹೇಗಿದೆ ಎಂದು ಕೇಳಿದ ಪತ್ರಗಳು. ಅಪ್ಪ ಅವನ್ನು ಓದುತ್ತ ಬಹಳ ಹೊತ್ತು ಕೂತರು. ಬೇಕಾದದ್ದನ್ನು ಆರಿಸಿಕೊಳ್ಳಿ ಎಂದಿದ್ದರೆ ನಾವ್ಯಾರೂ ಇವನ್ನು ಆರಿಸುತ್ತಿರಲಿಲ್ಲ, ಇವು ಇವೆಯೆಂಬುದೇ ನೆನಪಿರಲಿಲ್ಲ. ನಾಳೆ ಯಾವುದು ಪ್ರಿಯವಾಗುತ್ತದೆ ಎಂಬುದು ಇಂದು ಗೊತ್ತಿರುವುದಿಲ್ಲ. ಜಾಗ ಇದ್ದಾಗ ಇಡಿಯಾಗಿ ಉಳಿಸಿಕೊಂಡು, ಆರಿಸುವ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡಬೇಕು.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ಅತ್ತಿಮಬ್ಬೆಯ ನೆನಪಾಗುತ್ತಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದ ದಾನಚಿಂತಾಮಣಿ ಎಂದು ಶಾಲೆಯಲ್ಲೇ ಓದಿದ್ದೇವೆ. ಆ ಕಾವ್ಯವನ್ನು ಪೊನ್ನನಿಂದ ಬರೆಸಿದವರು ಅವಳ ತಂದೆ ಮಲ್ಲಪ ಮತ್ತು ಆತನ ಸೋದರ ಪುನ್ನಮಯ್ಯ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ತಂದೆ ಬರೆಸಿದ್ದನ್ನು ಮಗಳು ಪ್ರತಿ ಮಾಡಿಸಿದಳು. ತಾಳೆಗರಿ ನಮ್ಮ ಹವೆಯಲ್ಲಿ ಹುಳ ಹಿಡಿಯುತ್ತದೆ, ಮುರಿಯುತ್ತದೆ. ಸಾವಿರ ವರ್ಷದ ಹಿಂದಿನ ಕನ್ನಡ ಕಾವ್ಯ ನಮ್ಮ ಕೈಗೆ ಬಂದದ್ದು ಓಲೆ ಗಟ್ಟಿಯಿತ್ತೆಂದಲ್ಲ. ಒಂದು ಓಲೆ ಸವೆಯುವ ಮೊದಲೇ ಯಾರೋ ಇನ್ನೊಂದಕ್ಕೆ ಬರೆದಿಟ್ಟರೆಂದು. ಡಿಸ್ಕಿನ ಆಯುಷ್ಯ ಓಲೆಯದಕ್ಕಿಂತ ಬಹಳ ಕಡಿಮೆ. ಹಾಗಾಗಿ ನಮ್ಮ ಸರದಿ ಬೇಗ ಬೇಗ ಬರುತ್ತದೆ.

ನಮ್ಮ ಮನೆಯಲ್ಲಿ ಅದು ಮತ್ತೆಯೂ ಬಂತು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಬೆಂಬಲ ನಿಂತಿತು. ಆ 120 ಜಿಬಿಯಲ್ಲಿದ್ದದ್ದೆಲ್ಲ ಈಗ ಇನ್ನೂ ದೊಡ್ಡ ಡಿಸ್ಕೊಂದರ ಸಣ್ಣ ಮೂಲೆಯಲ್ಲಿದೆ. ಅಪ್ಪನ ನುಡಿ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸಿದ್ದೇವೆ. ಪರಿವರ್ತಕಗಳು ಹೆಚ್ಚಿನ ಕೆಲಸ ಮಾಡಿಕೊಡುತ್ತವೆ. ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪಿದ್ದನ್ನು ಮೂಲದೊಡನೆ ಹೋಲಿಸಿ ಅಪ್ಪನೇ ತಿದ್ದಿದರು. ಬಿಟ್‌ಗಳು ದಾಟಿದರೆ ಸಾಲದು, ಓದಲು ಬರುವಂತೆಯೂ ದಾಟಬೇಕು. ಈಗ ವಂಶಾವಳಿಯನ್ನು ತಂಗಿಯ ಮಗಳು ತನ್ನ ಫೋನಿನಲ್ಲೇ ತೆರೆದು ಓದುತ್ತಾಳೆ.

ನಿಮ್ಮ ಮನೆಯ ಅಟ್ಟದಲ್ಲೋ ಮಂಚದಡಿಯಲ್ಲೋ ಇಂಥದೊಂದು ಸಿಪಿಯು ಇರಬಹುದು. ಗುಜರಿಗೆ ಹಾಕುವ ಮುನ್ನ ಅದರ ಡಿಸ್ಕ್ ಬಿಚ್ಚಿಸಿ. ಹಳೆಯ ಐಡಿಇ ಡಿಸ್ಕನ್ನು ಯುಎಸ್‌ಬಿ ಮೂಲಕ ಓದಿಸುವ ಅಡಾಪ್ಟರ್ ದುಬಾರಿಯೇನಲ್ಲ, ರಿಪೇರಿ ಅಂಗಡಿಯವರ ಬಳಿಯೂ ಇರುತ್ತದೆ. ಇಡೀ ಡಿಸ್ಕಿನ ಪ್ರತಿ ಮಾಡಿಸಿ, ತೆರೆದು ನೋಡಿ, ಮನೆಯ ಹಿರಿಯರ ಪಕ್ಕದಲ್ಲೇ ಕೂತು ನೋಡಿ. ಯಾವ ಫೋಟೋದಲ್ಲಿ ಯಾರಿದ್ದಾರೆ ಎಂದು ಹೇಳಬಲ್ಲವರು ಅವರೇ. ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಅಣ್ಣನಿಗೋ ಅಕ್ಕನಿಗೋ ಕೊಡಿ. ಎರಡೂ ಸರಿಯಾಗಿ ತೆರೆದುಕೊಳ್ಳುತ್ತವೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಅಳಿಸಬೇಡಿ. ಅದು ಇನ್ನೂ ತಿರುಗುತ್ತಿರುವಾಗಲೇ ಈ ಕೆಲಸ ಮಾಡಿ ಮುಗಿಸಿ.