ಬಸ್ ತುಂಬಿದ್ರೆ ಹತ್ತಬೇಡ

2022ರ ಮಾರ್ಚ್ 19, ಶನಿವಾರ. ವೈ.ಎನ್.ಹೊಸಕೋಟೆಯಿಂದ ಪಾವಗಡಕ್ಕೆ ಹೊರಟಿದ್ದ ಖಾಸಗಿ ಬಸ್ಸೊಂದು ಪಳವಳ್ಳಿ ಕೆರೆ ಕಟ್ಟೆ ಹತ್ತಿರ ಪಲ್ಟಿಯಾಯ್ತು. ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಸತ್ತವರಲ್ಲಿ ಓದುವ ಮಕ್ಕಳೂ ಇದ್ದರು. ನೀವು ಅದನ್ನು ಟಿವಿಯಲ್ಲಿ ನೋಡಿ ಮರೆತಿರಬಹುದು. ನಮ್ಮ ಕಡೆ ಮಾತ್ರ ಆ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಎಷ್ಟೋ ದಿನ ಓಡಾಡಿದವು.

ನಮ್ಮ ಕಡೆ ಅಂದ್ರೆ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿ. ಆಂಧ್ರದ ಗಡಿ ದೂರವಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡೋ ಮಕ್ಕಳು ಬೇಕಾದಷ್ಟಿದ್ದಾರೆ. ನಮ್ಮಕ್ಕನ ಮಗ ಆಗ ಎಂಟನೇ ಕ್ಲಾಸು. ಅವರ ಹಳ್ಳಿಯಿಂದ ಹೈಸ್ಕೂಲಿಗೆ ದಿನಾ ಬಸ್ಸಲ್ಲೇ ಹೋಗಬೇಕು. ಆ ಅಪಘಾತದಲ್ಲಿ ಅವನಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ, ಅವನು ನೋಡಿದ್ದು ವಾಟ್ಸಾಪ್ ವಿಡಿಯೊ ಅಷ್ಟೇ. ಅಲ್ಲಿಂದಾಚೆಗೆ ಬೆಳಗ್ಗೆ ಎಂಟಾಯ್ತು ಅಂದ್ರೆ ಹೊಟ್ಟೆನೋವು. ಭಾನುವಾರ ಮಾತ್ರ ನೋವಿಲ್ಲ!

ಭಾವ "ಎಲ್ಲಾ ನಾಟಕ" ಅಂದ್ರು. ಅಜ್ಜಿ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದರು. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಅಂದ್ರು. ವಾರ ಕಳೆಯುವಷ್ಟರಲ್ಲಿ, ಓದು ಬೇಡದಿದ್ರೆ ಹೊಲಕ್ಕೆ ಬರಲಿ ಅನ್ನೋ ಮಾತೂ ಹುಟ್ಟಿಕೊಂಡಿತು. ಕೊರೊನಾ ಅಂತ ಮೊದಲೇ ಎರಡು ವರ್ಷ ಓದು ಕೆಟ್ಟಿದ್ದ ಹುಡುಗ. ಇನ್ನೊಂದು ಸಲ ಬಿಟ್ಟರೆ ಮತ್ತೆ ಶಾಲೆ ಮೆಟ್ಟಿಲು ಹತ್ತಲ್ಲ ಅಂತ ಅಕ್ಕ ಫೋನಿನಲ್ಲಿ ಅಳೋಳು. ಬೆಂಗಳೂರಿನಲ್ಲಿ ಕೂತು ನಾನು ಕೇಳಿಸಿಕೊಳ್ತಿದ್ದೆ.

ಆಗ ಅವನ ಕ್ಲಾಸ್ ಟೀಚರ್ ಮನೆಗೇ ಬಂದರಂತೆ. ಅಜ್ಜಿ ಜೊತೆ ತೆಲುಗಿನಲ್ಲೇ ಮಾತಾಡಿದರು, ಕಾಫಿ ಕುಡಿದರು. "ಯಾಕೋ ಬರ್ತಿಲ್ಲ?" ಅಂತ ಕೇಳಲೇ ಇಲ್ಲ. "ಬಸ್ಸಲ್ಲಿ ಎಲ್ಲಿ ನಿಂತ್ಕೋತೀಯಪ್ಪಾ?" ಅಂದ್ರು.

"ಫುಟ್‌ಬೋರ್ಡಲ್ಲಿ ಮಿಸ್. ಒಳಗೆ ಜಾಗ ಇರಲ್ಲ."

ಅವನ ಹೆದರಿಕೆಯಲ್ಲಿ ಕಲ್ಪನೆ ಅನ್ನೋದು ಏನೂ ಇರಲಿಲ್ಲ ನೋಡಿ. ಅವನು ದಿನಾ ನೇತಾಡ್ತಿದ್ದದ್ದೂ ಅಂಥದ್ದೇ ತುಂಬಿದ ಬಸ್ಸಿಗೆ. ಇಂಥ ಮಗುವಿಗೆ "ಧೈರ್ಯವಾಗಿರು" ಅಂದ್ರೆ ಏನು ಪ್ರಯೋಜನ? ಮಿಸ್ ಧೈರ್ಯ ಹೇಳಲಿಲ್ಲ. "ಬಸ್ ತುಂಬಿದ್ರೆ ಹತ್ತಬೇಡ. ಮುಂದಿನದಕ್ಕೆ ಬಾ. ಮೊದಲ ಪೀರಿಯಡ್ ತಪ್ಪಿದ್ರೂ ಹಾಜರಿ ಹಾಕ್ತೀನಿ" ಅಂದ್ರು. ಹತ್ತೋದು ಬಿಡೋದು ಅವನ ಕೈಗೆ ಬಂತು. ಎರಡು ದಿನ ಬಿಟ್ಟು ಹೋದ, ಅರ್ಧ ದಾರಿ ನಡೆದುಕೊಂಡು.

ಕ್ಲಾಸಿನಲ್ಲಿ ಅವನನ್ನು ಎದ್ದು ನಿಲ್ಲಿಸಿ ಏನನ್ನೂ ಕೇಳಲಿಲ್ಲವಂತೆ. ಎಲ್ಲರಿಗೂ ಮನೆಯಿಂದ ಶಾಲೆಯವರೆಗಿನ ದಾರಿ ಬರೆಯೋಕೆ ಹೇಳಿ, ಭಯ ಆಗೋ ಕಡೆ ಕೆಂಪು ಚುಕ್ಕಿ ಇಡಿ ಅಂದ್ರಂತೆ. ಒಬ್ಬನ ಚುಕ್ಕಿ ಬೀದಿನಾಯಿ ಹತ್ತಿರ, ಒಬ್ಬಳದ್ದು ಕುಡಿದು ಕೂರೋರ ಅಂಗಡಿ ಮುಂದೆ. ಆ ಅಂಗಡಿ ದಾರಿಯ ಹುಡುಗಿಯರು ಅವತ್ತಿಂದ ಗುಂಪಾಗಿ ಹೋಗೋಕೆ ಶುರು ಮಾಡಿದರು. ಇಷ್ಟು ಮಾಡೋಕೆ ಬೇಕಾಗಿದ್ದು ಒಂದು ಹಾಳೆ, ಒಂದು ಪೀರಿಯಡ್ಡು.

ಆ ಮೇ 16ಕ್ಕೆ ಶಾಲೆ ತೆರೆದಾಗ ಸರ್ಕಾರ ಅದನ್ನು 'ಕಲಿಕಾ ಚೇತರಿಕೆ' ವರ್ಷ ಅಂತ ಕರೆಯಿತು. ಪಾಠ ಚೇತರಿಸಿಕೊಳ್ಳಲಿ, ಸಂತೋಷ. ಆದರೆ ಹೊಟ್ಟೆನೋವು ಅನ್ನೋ ಹುಡುಗನಿಗೆ ಯಾವ ಕಲಿಕಾ ಹಾಳೆ ಕೊಡ್ತೀರಿ? ಹಳ್ಳಿ ಶಾಲೆಗಳಲ್ಲಿ ಕೌನ್ಸೆಲರ್ ಸಿಗೋದು ಅಪರೂಪ. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಶುರುವಾಯ್ತು. 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ತಿಂಗಳುಗಟ್ಟಲೆ ನಿದ್ದೆ ಕೆಟ್ಟರೆ, ಮಗು ಮಾತು ಬಿಟ್ಟರೆ, ದೃಷ್ಟಿ ತೆಗೆಯೋದರ ಜೊತೆಗೆ ಈ ನಂಬರಿಗೂ ಒಂದು ಫೋನ್ ಮಾಡಿ.

ನಮ್ಮ ಹುಡುಗನ ಹೊಟ್ಟೆನೋವು ಒಂದೇ ದಿನಕ್ಕೇನೂ ಹೋಗಲಿಲ್ಲ. ಮಳೆ ಬಂದ ದಿನ ಮತ್ತೆ ಬರ್ತಿತ್ತು. ಅಂಥ ದಿನ ಅಕ್ಕ ಬಸ್ ಸ್ಟಾಪಿನವರೆಗೂ ಜೊತೆಗೆ ಹೋಗೋಳು. ಈಗ ಪಿಯುಸಿಗೆ ಮಧುಗಿರಿಗೆ ಓಡಾಡ್ತಾನೆ. ಫುಟ್‌ಬೋರ್ಡ್ ಮೇಲೆ ಕಾಲಿಡಲ್ಲ. ಸಂಜೆ ಬಸ್ ತುಂಬಿದ್ರೆ ಅಕ್ಕನಿಗೆ ಮೆಸೇಜ್ ಬರುತ್ತೆ: "ನೆಕ್ಸ್ಟ್ ಬಸ್ಸಿಗೆ ಬರ್ತೀನಿ, ಅನ್ನ ತೆಗೆದಿಟ್ಟಿರು."