ಅವರೆಯ ಡ್ಯೂಟಿ ಟೈಮು

1986ರಲ್ಲಿ ಯಲಹಂಕ ಉಪನಗರದ ಹೌಸಿಂಗ್ ಬೋರ್ಡ್ ಮನೆಗೆ ನಾವು ಬಂದಾಗ ಹಿತ್ತಲಲ್ಲಿ ಇದ್ದದ್ದು ಒಂದು ಒಗೆಯೋ ಕಲ್ಲು, ಗಾರೆಯವರು ಬಿಟ್ಟುಹೋದ ಅರ್ಧ ಗಾಡಿ ಜಲ್ಲಿ, ಮಿಕ್ಕಂತೆ ಎದೆಮಟ್ಟ ಕಾಂಗ್ರೆಸ್ ಗಿಡ. ನನಗೆ ಆಗ ಇಪ್ಪತ್ತೊಂಬತ್ತು. ಎರಡು ವರ್ಷ ಹಿಂದೆ, ಅಂದರೆ 1984ರಲ್ಲಿ, ಇಲ್ಲೇ ಶುರುವಾದ ರೈಲು ಗಾಲಿ ಕಾರ್ಖಾನೆಗೆ ಟರ್ನರ್ ಆಗಿ ಸೇರಿದ್ದೆ. ನಾವು ಅದನ್ನು ವೀಲ್ ಅಂಡ್ ಆಕ್ಸಲ್ ಅನ್ನುತ್ತಿದ್ದೆವು. ನಿಮಗೆ ಅದು ರೈಲ್ ವೀಲ್ ಫ್ಯಾಕ್ಟರಿ. ರೈಲಿನ ಅಚ್ಚನ್ನು ಲೇತಿಗೆ ಕಟ್ಟಿ ಕೂದಲೆಳೆ ಲೆಕ್ಕದಲ್ಲಿ ತೆಗೆಯುವವನಿಗೆ ನಾಲ್ಕು ಸೊಪ್ಪು ಬೆಳೆಯುವುದು ಯಾವ ಮಹಾ ಕೆಲಸ ಎಂಬ ಸೊಕ್ಕು ನನಗಿತ್ತು.

ಮೊದಲು ಹಾಕಿದ್ದು ದಂಟು. ಬೀಜದ ಪೊಟ್ಟಣಕ್ಕೆ ಒಂದು ರೂಪಾಯಿ, ಗೊಬ್ಬರ ಒಂದು ಎತ್ತಿನಗಾಡಿಗೆ ಮೂವತ್ತೈದು. ಮೊದಲ ಶಿಫ್ಟು ಮುಗಿಸಿ ಬಂದವನು, ಕೈಗೆ ಹತ್ತಿದ್ದ ಕೂಲಂಟ್ ಎಣ್ಣೆಯ ವಾಸನೆಯನ್ನೂ ತೊಳೆಯದೆ, ಪಾತಿಯ ಆ ಕಡೆಯಿಂದ ಈ ಕಡೆಗೆ ದಾರ ಕಟ್ಟಿದೆ. ಸ್ಟೀಲ್ ಸ್ಕೇಲು ಇಟ್ಟು ಮೂರು ಇಂಚಿಗೊಂದು ಗುರುತು ಹಾಕಿದೆ. ಸಾಸಿವೆಗಿಂತ ಸಣ್ಣ ಬೀಜವನ್ನು ಒಂದೊಂದಾಗಿ ಹೆಕ್ಕಿ ಇಟ್ಟೆ. ಅಮ್ಮ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು, ತುಟಿ ಬಿಚ್ಚಲಿಲ್ಲ. ಮಾರನೇ ಬೆಳಗ್ಗೆ ಕರೆದಳು. “ನೋಡು ಬಾರೋ, ನೀನು ಗೆರೆ ಎಳೆದದ್ದು ಇರುವೆಗೆ ಅನುಕೂಲ ಆಯ್ತು. ಸಾಲು ಹಿಡ್ಕೊಂಡು ಹೊತ್ತುಕೊಂಡು ಹೋದವು.” ಆಮೇಲೆ ಉಳಿದ ಬೀಜಕ್ಕೆ ಒಲೆಯ ಬೂದಿ, ಒಂದು ಹಿಡಿ ಮರಳು ಬೆರೆಸಿ, ರಂಗೋಲಿಗೆ ಮುಂಚೆ ಸಗಣಿನೀರು ಚಿಮುಕಿಸುವ ಹಾಗೆ ಎರಚಿದಳು. ನಾಲ್ಕನೇ ದಿನಕ್ಕೆ ಪಾತಿ ಕೆಂಪಾಗಿತ್ತು.

ನಮ್ಮ ಬೀದಿಯಲ್ಲಿ ಹುಟ್ಟಾ ರೈತರು ಅಂತ ಯಾರೂ ಇರಲಿಲ್ಲ. ಎಲ್ಲರೂ ಒಂದೊಂದು ನೌಕರಿ ಹಿಡಿದವರು, ಸಂಜೆ ಹೊತ್ತು ಮಣ್ಣು ಕೆದಕುವವರು. ಬರಬರುತ್ತಾ ಒಂದು ವಿಷಯ ಕಂಡೆ. ಬೆಳಗ್ಗೆಯೆಲ್ಲ ಮಾಡಿದ ಕೆಲಸವನ್ನು ಯಾರೂ ಗೇಟಿನ ಹೊರಗೆ ಬಿಟ್ಟು ಬರುತ್ತಿರಲಿಲ್ಲ. ಎದುರುಮನೆಯಲ್ಲಿ ವಾಯುಪಡೆಯಿಂದ ನಿವೃತ್ತರಾಗಿ ಬ್ಯಾಂಕಿನಲ್ಲಿ ಗಾರ್ಡ್ ಆಗಿದ್ದ ಸಾರ್ಜೆಂಟರು ಇದ್ದರು. ಅವರ ಮಡಿಯಲ್ಲಿ ಬೆಂಡೆ ಗಿಡಗಳು ಪೆರೇಡಿಗೆ ನಿಂತ ಹಾಗೆ ನಿಂತಿರುತ್ತಿದ್ದವು. ಸಾಲು ಮೀರಿ ಬೆಳೆದದ್ದನ್ನು ಕಿತ್ತೇ ಹಾಕುತ್ತಿದ್ದರು, ಕಾಯಿ ಬಿಟ್ಟಿದ್ದರೂ ಸರಿ. ತೊಂಬತ್ತರ ದಶಕದಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ಬೆಂಡೆ ಬೀಜವನ್ನು ಸೈಕಲ್ ತುಳಿದು ತಂದವರು ಅವರೇ. ಅದಕ್ಕೆ ಹಳದಿ ನಂಜು ತಗಲುವುದಿಲ್ಲ ಎಂದು ಬೀದಿಗೆಲ್ಲ ಸಾರಿದರು. ಅರ್ಕಾವತಿ ಹೊಳೆಯಿಂದಲೇ ಆ ತಳಿಗಳಿಗೆ ಅರ್ಕಾ ಎಂಬ ಹೆಸರು ಬಂದದ್ದು ಎಂದು ನನಗೆ ಹೇಳಿದವರೂ ಅವರೇ.

ಮೂರನೇ ಮನೆಯ ಅಕ್ಕ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಗೆ ಹೋಗುತ್ತಿದ್ದರು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಗಡಿಯಾರ ಜೋಡಿಸುವ ಮೇಜಿನಲ್ಲಿ ಹೆಂಗಸರೇ ಹೆಚ್ಚು. ಒಂದು ಭಾನುವಾರ ನೋಡುತ್ತೇನೆ, ಆಯಮ್ಮ ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಚಿಮುಟದಲ್ಲಿ ಬದನೆ ಎಲೆಯ ಅಡಿಯಿಂದ ಹೇನು ತೆಗೆಯುತ್ತಿದ್ದಾರೆ! ಒಂದೊಂದನ್ನೇ ಕಿತ್ತು ಸೀಮೆಎಣ್ಣೆ ಬಟ್ಟಲಿಗೆ ಹಾಕುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ವರ್ಷ ಬೀದಿಯಲ್ಲಿ ಬದನೆಕಾಯಿ ಬಿಟ್ಟದ್ದು ಅವರ ಹಿತ್ತಲಲ್ಲಿ ಮಾತ್ರ.

ನಾವು ಗಂಡಸರು ಜಾಣರಲ್ಲವೇ, ಗ್ಯಾಮಕ್ಸಿನ್ ಪುಡಿ ತಂದಿದ್ದೆವು. ಹಳೇ ಕಾಲುಚೀಲಕ್ಕೆ ತುಂಬಿ ಗಿಡದ ಮೇಲೆ ಕೊಡವುತ್ತಿದ್ದೆವು. ಆ ಮುಗ್ಗುಲು ವಾಸನೆ ಮೂಗಿನಿಂದ ಎರಡು ದಿನ ಇಳಿಯುತ್ತಿರಲಿಲ್ಲ. ಅದೇ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಕಾಫಿ ಕುಡಿಯುತ್ತಿದ್ದೆವು. 1997ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಮಿಕ್ಕಿದ್ದ ಅರ್ಧ ಡಬ್ಬಿ ಏನಾಯಿತು ಎಂದು ನೆನಪಿಲ್ಲ, ನೆನಪಿಲ್ಲದಿರುವುದೇ ಒಳ್ಳೆಯದು.

ಸರ್ಕಾರಿ ಆಸ್ಪತ್ರೆಯ ಸಿಸ್ಟರಮ್ಮ ಮಂಗಳೂರು ಕಡೆಯವರು. ಬಸಳೆ ಬಳ್ಳಿ ನಮ್ಮ ಬೀದಿಗೆ ಬಂದದ್ದು ಅವರ ತವರಿನಿಂದ. ನೈಟ್ ಡ್ಯೂಟಿ ಮುಗಿಸಿ ಬಂದು ಬೆಳಗ್ಗೆ ಆರೂವರೆಗೆ ಗಿಡಕ್ಕೆ ‘ಡ್ರಿಪ್’ ಹಾಕುತ್ತಿದ್ದರು. ತಮಾಷೆಯ ಮಾತಲ್ಲ. ಖಾಲಿಯಾದ ಗಾಜಿನ ಸಲೈನ್ ಬಾಟಲಿಗೆ ನೀರು ತುಂಬಿ, ನಿಂಬೆ ಸಸಿಯ ಪಕ್ಕ ಕೋಲು ನೆಟ್ಟು ತಲೆಕೆಳಗೆ ತೂಗುಹಾಕಿ, ಕೊಳವೆಯ ಚಕ್ರ ತಿರುವಿ, ನಿಮಿಷಕ್ಕೆ ಎಷ್ಟು ಹನಿ ಎಂದು ವಾಚು ನೋಡಿ ಎಣಿಸುತ್ತಿದ್ದರು. ಬ್ಯಾಂಕಿನ ಕ್ಯಾಷಿಯರ್ ರಾಯರದು ಇನ್ನೊಂದು ಬಗೆ. ಅವರು ಲೆಡ್ಜರ್ ಇಟ್ಟಿದ್ದರು. ಗೊಬ್ಬರ, ಕೂಲಿ, ಗುದ್ದಲಿಯ ಸವಕಳಿ ಎಲ್ಲ ಖರ್ಚಿನ ಕಲಮು. ಆದಾಯದ ಕಡೆ “ಮಾವನ ಮನೆಗೆ ಕೊಟ್ಟದ್ದು” ಎಂದೇ ಒಂದು ಅಂಕಣ. ವರ್ಷದ ಕೊನೆಗೆ ಕೂಡಿಸಿ ನೋಡಿದರೆ, ಸಂತೆಯಲ್ಲಿ ಕಿಲೋ ಎರಡು ರೂಪಾಯಿಗೆ ಸಿಗುತ್ತಿದ್ದ ಟೊಮ್ಯಾಟೊ ಅವರಿಗೆ ಏಳೂಕಾಲಕ್ಕೆ ಬಿದ್ದಿತ್ತು. ಲೆಡ್ಜರ್ ಮುಚ್ಚಿದರು, ಗಿಡ ಬಿಡಲಿಲ್ಲ.

ಅವರೆ ವಿಷಯಕ್ಕೆ ಬರುತ್ತೇನೆ. ಮೂಲೆಮನೆಯವರು ಬಿಟಿಎಸ್ ಕಂಡಕ್ಟರ್. ದೊಡ್ಡಬಳ್ಳಾಪುರ ಕಡೆಯಿಂದ ಮೂಟೆ ಹೊತ್ತು ಬಂದು ಯಲಹಂಕದಲ್ಲಿ ಬಸ್ಸು ಹತ್ತುವ ಹಳ್ಳಿಯವರ ಹತ್ತಿರ “ಎರಡು ಕಾಳು ಬೀಜಕ್ಕೆ ಕೊಡು ತಾಯಿ” ಎಂದು ಕೇಳಿ, ಟಿಕೆಟ್ ಕಾಗದದಲ್ಲೇ ಪೊಟ್ಟಣ ಕಟ್ಟಿ ತರುತ್ತಿದ್ದರು. ಅವರು ಕೊಟ್ಟ ಚಪ್ಪರದವರೆ ಬೀಜವನ್ನು ನಾನು ಫೆಬ್ರವರಿಯಲ್ಲಿ ಹಾಕಿದೆ. ಅಮ್ಮ ಆಗ ರಾಜಾನುಕುಂಟೆ ಹತ್ತಿರದ ತವರಿಗೆ ಹೋಗಿದ್ದಳು. ಕೇಳಬೇಕು ಎಂದು ನನಗೂ ಅನ್ನಿಸಲಿಲ್ಲ. ಬಳ್ಳಿ ಬಂತು ನೋಡಿ! ಚಪ್ಪರ ತುಂಬಿತು, ಬಚ್ಚಲುಮನೆಯ ಶೀಟು ಏರಿತು, ಮೇ ಹೊತ್ತಿಗೆ ಪಕ್ಕದವರ ಆಂಟೆನಾ ಸುತ್ತಿಕೊಂಡು ಅವರ ದೂರದರ್ಶನವನ್ನೇ ಕೆಡಿಸಿತು. ಹೂವು ಮಾತ್ರ ಒಂದೂ ಇಲ್ಲ. ಹೊಂಗೆ ಹಿಂಡಿ ಹಾಕಿದೆ, ಅಕ್ಕಚ್ಚು ಹೊಯ್ದೆ, ಯಾರೋ ಹೇಳಿದರೆಂದು ದೃಷ್ಟಿಗೆ ಹಳೇ ಪೊರಕೆಯನ್ನೂ ಕಟ್ಟಿದೆ.

ಕೊನೆಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಲ್ಯಾಬ್ ಸಹಾಯಕರಾಗಿದ್ದ ಗೌಡರನ್ನು ಕರೆತಂದೆ. ಅವರು ಬಳ್ಳಿಯನ್ನು ಮುಟ್ಟಲೂ ಇಲ್ಲ. “ಯಾವ ತಿಂಗಳಲ್ಲಿ ಹಾಕಿದ್ರಿ?” ಎಂದರು. ಹೇಳಿದೆ. “ನಿಮಗೆ ಹೇಗೆ ಶಿಫ್ಟು ಇದೆಯೋ ಅವರೆಗೂ ಇದೆ ಕಣ್ರೀ. ಹಗಲು ಕುಗ್ಗಿ ರಾತ್ರಿ ಉದ್ದ ಆದ್ರೇನೇ ಅದು ಡ್ಯೂಟಿಗೆ ಬರೋದು. ನೀವು ಜನರಲ್ ಶಿಫ್ಟಲ್ಲಿ ಕರೆದ್ರೆ ಬರತ್ತಾ?” ವರ್ಷಪೂರ್ತಿ ಕಾಯಿ ಬಿಡಲಿ ಎಂದೇ ವಿಶ್ವವಿದ್ಯಾಲಯದವರು ಹಗಲು-ರಾತ್ರಿಯ ಹಂಗಿಲ್ಲದ ‘ಹೆಬ್ಬಾಳ ಅವರೆ’ ತಳಿಗಳನ್ನು ತೆಗೆದಿದ್ದಾರೆ ಎಂದೂ ಹೇಳಿ, ಮುಂದಿನ ವಾರ ಒಂದು ಪಾವು ಬೀಜ ತಂದುಕೊಟ್ಟರು. ಗಿಡ್ಡ ಗಿಡ, ಬೇಸಿಗೆಯಲ್ಲೂ ಕಾಯಿ. ಹಿತಕಿದ ಬೇಳೆ ಸಾರು ಮಾಡಿ ಬಡಿಸಿದ ಅಮ್ಮ ಒಂದೇ ಮಾತು ಹೇಳಿದಳು: “ಕಾಯೇನೋ ಸರಿ, ಸೊಗಡಿಲ್ಲ.” ನನ್ನ ಫೆಬ್ರವರಿಯ ಬಳ್ಳಿ ಧನುರ್ಮಾಸದ ಇಬ್ಬನಿಗೆ ಸರಿಯಾಗಿ ಹೂಬಿಟ್ಟಿತು. ಆ ಜನವರಿಯಲ್ಲಿ ಪಕ್ಕದವರ ಆಂಟೆನಾದಿಂದಲೇ ಮೂರು ಕಿಲೋ ಕೊಯ್ದೆವು. ಅರ್ಧ ಅವರಿಗೆ ಕೊಟ್ಟೆ, ಮಾತು ಮತ್ತೆ ಶುರುವಾಯಿತು.

ಇಷ್ಟೆಲ್ಲ ನೌಕರಿ ಹೇಳಿದೆ. ಅಮ್ಮನದು? ರೇಷನ್ ಕಾರ್ಡಿನ ಉದ್ಯೋಗದ ಕಲಮಿನಲ್ಲಿ ನಾನೇ ಕೈಯಾರೆ “ಇಲ್ಲ” ಎಂದು ಬರೆದಿದ್ದೆ. ಬೀಜದವರೆಯನ್ನು ಬೂದಿ ಬೆರೆಸಿ ಗುಡಾಣದಲ್ಲಿ ಹುಳ ಬೀಳದಂತೆ ಇಡುತ್ತಿದ್ದವಳು, ಬಚ್ಚಲ ನೀರು ಬಾಳೆಗೆ, ಅಕ್ಕಚ್ಚು ಕರಿಬೇವಿಗೆ ಎಂದು ಹಂಚುತ್ತಿದ್ದವಳು ಅವಳೇ. ಬೀದಿಯವರೆಲ್ಲ ಸಲಹೆ ಕೇಳಲು ಬರುತ್ತಿದ್ದದ್ದು ನನ್ನ ಹತ್ತಿರವಲ್ಲ. ಬರೆಯುವಾಗ ಅದು ಹೊಳೆಯಲಿಲ್ಲ.

ಆಗ ನಾವು ನೆಟ್ಟ ಗಿಡಗಳನ್ನು ಈಗ ನೆನೆದರೆ ನಗು ಬರುತ್ತದೆ. ತೆಂಗು, ಸಪೋಟ, ಹಲಸು. ಏಳು ರೂಪಾಯಿಯ ತೆಂಗಿನ ಸಸಿ ಏಳು ವರ್ಷಕ್ಕೆ ಫಲ ಕೊಡುತ್ತದೆ ಅಂದರೆ ಕೊಡಲಿ, ನಾವೆಲ್ಲಿಗೆ ಹೋಗಬೇಕಿತ್ತು? ಸೇರಿದ ಕೆಲಸದಲ್ಲೇ ರಿಟೈರ್ ಆಗುವವರು, ಮನೆಯ ಕಂತೇ ಹದಿನೈದು ವರ್ಷ ಇತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಗಿ ಬಾಡಿಗೆ ಏರಿದ ಮೇಲೆ ಒಬ್ಬೊಬ್ಬರೇ ಹಿತ್ತಲಿಗೆ ಪಿಲ್ಲರ್ ಇಳಿಸಿದರು. ನಾನೂ ಇಳಿಸಿದೆ. ಸಪೋಟ ಕಡಿಸಲು ಆಳಿಗೆ ಎಂಟುನೂರು ಕೊಟ್ಟೆ, ಸೌದೆಯನ್ನು ಅವನೇ ಒಯ್ದ. ಮೇಲಿನ ಮನೆಯ ಬಾಡಿಗೆಯಲ್ಲಿ ಮಗಳ ಓದು ಮುಗಿಯಿತು. ಉಳಿದ ಹಿತ್ತಲು ಎಂಟು ಅಡಿಯ ಪಟ್ಟಿ.

ಈಗ ಮೇಲಿನ ಮನೆಯಲ್ಲಿರುವ ಹುಡುಗ ಐದು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿದ್ದಾನೆ. ಸದ್ಯಕ್ಕೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಅದೂ ವಾರಕ್ಕೆ ಎರಡು ದಿನ. 2020ರ ಲಾಕ್‌ಡೌನಿನಲ್ಲಿ ಹಿಡಿದ ಚಟ, ತಾರಸಿ ಮೇಲೆ ಇಪ್ಪತ್ತೆರಡು ಗ್ರೋ ಬ್ಯಾಗು. ಬ್ಯಾಗಿಗೆ ಅರವತ್ತು ರೂಪಾಯಿ, ತೆಂಗಿನ ನಾರಿನ ಪುಡಿಯ ಇಟ್ಟಿಗೆಗೆ ಇನ್ನೂರು, ಇಪ್ಪತ್ತು ಬೀಜಕ್ಕೆ ನಲವತ್ತೊಂಬತ್ತು. ಬೆಳೆಯುವುದು ಮೆಂತ್ಯ, ಪಾಲಕ್, ಕೊತ್ತಂಬರಿ. ತಿಂಗಳೊಳಗೆ ಕೈಗೆ ಬರುವಂಥದ್ದು. ಕೆಲಸ ಬದಲಾದರೆ ತೋಟವನ್ನು ಟಾಟಾ ಏಸ್‌ಗೆ ಹೇರಿಕೊಂಡು ಹೋಗುವವನು ತೆಂಗು ನೆಡುತ್ತಾನೆಯೇ? ಅವನ ಲೆಕ್ಕ ಅವನಿಗೆ ಸರಿ. ಒಮ್ಮೆ ಮಣ್ಣಿಗೆ ಚುಚ್ಚಿದ್ದ ಒಂದು ಕಡ್ಡಿ ತೋರಿಸಿ, “ಅಂಕಲ್, ತೇವ ಎಷ್ಟಿದೆ ಅಂತ ಇದು ಫೋನಿಗೆ ಹೇಳತ್ತೆ” ಎಂದ. ಬೆರಳು ಹಾಕಿದರೆ ಆಗದೇ ಎನ್ನಲು ಬಾಯಿ ತೆರೆದವನು ಸ್ಟೀಲ್ ಸ್ಕೇಲು ನೆನಪಾಗಿ ಮುಚ್ಚಿಕೊಂಡೆ.

ಗಾರ್ಡನ್ ಸಿಟಿ ಫಾರ್ಮರ್ಸ್‌ನವರು 2011ರಲ್ಲಿ ಶುರುಮಾಡಿದ ‘ಊಟ ಫ್ರಮ್ ಯುವರ್ ತೋಟ’ ಸಂತೆಗೆ ಒಮ್ಮೆ ಅವನೇ ನನ್ನನ್ನು ಕರೆದುಕೊಂಡು ಹೋಗಿದ್ದ. ಅಲ್ಲಿ ಒಬ್ಬ ದಂತವೈದ್ಯೆ, ಒಬ್ಬ ವಕೀಲರು, ಆಡಿಟರ್ ಒಬ್ಬರು ಎರೆಗೊಬ್ಬರದ ಮಳಿಗೆ ಮುಂದೆ ನಿಂತು ಹೇನಿನ ಕಾಟ ಹೇಳಿಕೊಳ್ಳುತ್ತಿದ್ದರು. ನಮ್ಮ ಬೀದಿಯೇ ಎದ್ದು ಬಂದ ಹಾಗಿತ್ತು, ಬಟ್ಟೆ ಮಾತ್ರ ಚೆನ್ನಾಗಿತ್ತು.

2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಗಿಡಗಳಿಗೆ ಕುಡಿಯುವ ನೀರು ಹಾಕಿದರೆ ಐದು ಸಾವಿರ ರೂಪಾಯಿ ದಂಡ ಎಂದಿತು. ಹುಡುಗ ಕಂಗಾಲಾಗಿ ಕೆಳಗೆ ಬಂದ. ಅಕ್ಕಿ ತೊಳೆದ ನೀರಿಗೆ ಒಂದು ಬಕೆಟ್ಟು, ಸ್ನಾನದ ನೀರಿಗೆ ಒಂದು ಬಕೆಟ್ಟು ಇಡು ಎಂದೆ. “ಅಕ್ಕಚ್ಚು ಅಂದ್ರೆ ಇದೇನಾ ಅಂಕಲ್?” ಎಂದು ಕೇಳಿ ಫೋನಿನಲ್ಲಿ ಬರೆದುಕೊಂಡ.

ಸಾರ್ಜೆಂಟರು ಈಗಿಲ್ಲ, ಸಿಸ್ಟರಮ್ಮ ಊರಿಗೆ ಹೋದರು, ಕ್ಯಾಷಿಯರ್ ರಾಯರ ಮನೆಯಿದ್ದಲ್ಲಿ ನಾಲ್ಕು ಅಂತಸ್ತಿನ ಪೀಜಿ. ಎಂಟು ಅಡಿಯ ಪಟ್ಟಿಯಲ್ಲಿ ಕಂಡಕ್ಟರ್ ಕೊಟ್ಟ ಅದೇ ಚಪ್ಪರದವರೆಯ ವಂಶ ಇನ್ನೂ ಇದೆ. ಬೀಜ ಬೇಕಾದವರು ಸಂಕ್ರಾಂತಿ ಕಳೆದ ಮೇಲೆ ಬನ್ನಿ, ಡಬ್ಬಿ ನೀವೇ ತನ್ನಿ. ಬಿತ್ತುವುದಕ್ಕೆ ಮಾತ್ರ ಮುಂಗಾರು ಹಿಡಿಯುವವರೆಗೆ ಕಾಯಿರಿ. ಫೆಬ್ರವರಿಯಲ್ಲಿ ಹಾಕಿ, ಮೇನಲ್ಲಿ ನನ್ನನ್ನು ಹುಡುಕಿಕೊಂಡು ಬರಬೇಡಿ.